ರೊಮೇನಿಯಾದ ಬೀಗರು

ಎಲ್ಲ ಶುರುವಾದದ್ದು ಮೆಟ್ಟಿಲ ಮೇಲೆ. ಸಿದ್ದರಾಮಪ್ಪ ಬೆಳಿಗ್ಗೆ ಅಂಗಡಿಗೆ ಹೊರಟು ಚಪ್ಪಲಿಯಲ್ಲಿ ಕಾಲು ತೂರಿಸುತ್ತಿದ್ದ. ಮೇಲಿನ ಮನೆಯ ಭೀಮಶಾ ಹಲ್ಲುಜ್ಜುತ್ತ ಕೆಳಗೆ ಬಗ್ಗಿ ನೋಡಿದ, ಬಾಯಿಯ ನೊರೆಯನ್ನು ಒಂದು ಬದಿಗೆ ಸರಿಸಿಕೊಂಡು ಕೇಳಿದ:

"ಸಾವಕಾರ್ರ, ನಿನ್ನಿ ರಾತ್ರಿ ನಿಮ್ಮ ಮನಿಯಾಗ ಲಗ್ನದ ಸೈಟ್ ಭಾಳ ಓಡೇದಲ್ಲ? ಪ್ರಾಜಕ್ತಾಗ ಸ್ಥಳ ಬಂದೇದೇನು?"

ಸಿದ್ದರಾಮಪ್ಪನ ಕಾಲು ಚಪ್ಪಲಿಯಲ್ಲಿ ಅರ್ಧಕ್ಕೇ ನಿಂತಿತು. "ಛೆ ಛೆ, ಸ್ಥಳ ಎಲ್ಲೀದೋ ಭೀಮಶಾ. ಏನೋ ಒತ್ತಾಕ ಹೋಗಿ ಏನೋ ತೆರದಿರಬೇಕು" ಎಂದು ಹೇಳಿ, ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡೇ ಇಳಿದುಬಿಟ್ಟ.

ಓಣಿಗೆಲ್ಲ ಇಂಟರ್ನೆಟ್ಟಿನ ವೈರು ಎಳೆದವನು ಈ ಭೀಮಶಾ. ಯಾರ ಮನೆಯಲ್ಲಿ ಯಾವ ಸೈಟು ತೆರೆದರೂ ತನ್ನ ಪೆಟ್ಟಿಗೆಯಲ್ಲಿ ಕಾಣುತ್ತದೆ ಎಂದು ಅವನು ಚಹಾದಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ. ಜನ ಅದನ್ನು ಬಡಾಯಿ ಅಂದುಕೊಂಡಿದ್ದರು. ಸಿದ್ದರಾಮಪ್ಪನಿಗೆ ಇವತ್ತು ಅದು ಬಡಾಯಿಯಲ್ಲ ಎಂದು ಖಾತ್ರಿಯಾಯಿತು.

ಹೆಣ್ಣು ಹೆತ್ತವನ ಎದೆಗೆ ಇಂಥ ಮಾತು ಬಿದ್ದರೆ ಅದು ಸುಮ್ಮನೆ ಇರುವುದಿಲ್ಲ. ಮಗಳು ಪ್ರಾಜಕ್ತಾಗೆ ಮೊದಲು ಬಂದ ಎರಡು ಸ್ಥಳಗಳು ಓಣಿಯವರ ಬಾಯಿಗೆ ಬಿದ್ದೇ ಮುರಿದಿದ್ದವು. ಒಂದು ಕಡೆಯವರಿಗೆ ಯಾರೋ ಹುಡುಗಿಯ ಕಣ್ಣು ಮಂದ ಎಂದು ಹೇಳಿದ್ದರು, ಇನ್ನೊಂದು ಕಡೆಯವರಿಗೆ ನಾಲಗೆ ಚೂಪು ಎಂದು. ಪ್ರಾಜಕ್ತಾಳ ಕಣ್ಣು ಮಾತ್ರ ಚೆನ್ನಾಗಿಯೇ ಇತ್ತು. ಈಗ ಮೂರನೆಯದು ಅಕ್ಕಲಕೋಟದಿಂದ ಬಂದಿತ್ತು. ಹುಡುಗ ಗುರುನಾಥ ಸಕ್ಕರೆ ಕಾರಖಾನೆಯಲ್ಲಿ ಕೆಮಿಸ್ಟು, ತಂದೆ ಕಲ್ಲಣ್ಣ ಹೊಲ-ಮನೆ ಇದ್ದವರು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಯಾವ ಫೋಟೊ ತೋರಿಸಿದರೂ ಮೂಗು ಮುರಿಯುತ್ತಿದ್ದ ಮಗಳು ಈ ಸಲ "ಬರೋಬ್ಬರಿ ಅದಾನ" ಅಂದಿದ್ದಳು. ಸಾಖರಪುಡಾ ಆಗಿ ಉಂಗುರ ಬೆರಳಿಗೆ ಏರುವ ತನಕ ಇಂಥ ಮಾತು ನಾಲ್ಕು ಗೋಡೆ ದಾಟಬಾರದು. ದಾಟಿದರೆ ಕಡ್ಡಿ ಆಡಿಸುವವರಿಗೆ ಸೋಲಾಪುರದಲ್ಲಿ ಬರಗಾಲವಿಲ್ಲ.

ಟವೆಲು-ಚಾದರದ ಅಂಗಡಿಯ ಬಾಗಿಲು ತೆರೆದದ್ದೇ ಸಿದ್ದರಾಮಪ್ಪ ಎದುರಿನ ಮೊಬೈಲ್ ದುಕಾನಿಗೆ ಓಡಿದ. ದುಕಾನಿನ ಅಮೋಗಸಿದ್ಧ ಎಲ್ಲವನ್ನೂ ಕೇಳಿ ಕೈ ಕೊಡವಿದ.

"ಇಷ್ಟs ಏನ್ರಿ ಕಾಕಾ? ವಿಪಿಎನ್ ಹಾಕ್ರಿ."

"ಅದೇನೋ ಅದು? ಔಷಧನ?"

"ನಿಮ್ಮ ಧಂದೆದಾಗ ಹೇಳ್ತೀನಿ ಕೇಳ್ರಿ. ನೀವು ಚಾದರದ ಗಠ್ಠಾ ಕಳಸ್ತೀರಿ. ಬಾಯಿ ಹೊಲದಿರತೈತಿ, ಒಳಗೇನದ ಭೀಮಶಾಗ ಕಾಣೂದಿಲ್ಲ. ಖರೇ, ಮ್ಯಾಲಿನ ವಿಳಾಸ ಕಾಣತೈತಿ. 'ಓಹೋ, ಲಗ್ನದ ಸೈಟಿಗೆ ಹೊಂಟೇದ' ಅಂತ ಓದ್ತಾನ. ವಿಪಿಎನ್ ಅಂದ್ರ ಆ ಗಠ್ಠಾನ ಇನ್ನೊಂದು ಚೀಲದಾಗ ಹಾಕಿ ಹೊಲಿಯೂದು. ಮ್ಯಾಲೆ ಒಂದs ವಿಳಾಸ, ವಿಪಿಎನ್ ಕಂಪನೀದು. ಕಂಪನಿಯಾವ್ರು ಚೀಲ ಬಿಚ್ಚಿ, ಗಠ್ಠಾನ ಮುಂದ ಕಳಸ್ತಾರ. ಗಠ್ಠಾ ಹೋಗಿ ಮುಟ್ಟಿದಾವರಿಗೆ ಸೋಲಾಪುರದ ಶಿಕ್ಕಾ ಕಾಣೂದಿಲ್ಲ, ಕಂಪನಿ ಊರಿನ ಶಿಕ್ಕಾ ಕಾಣತೈತಿ."

ಸಿದ್ದರಾಮಪ್ಪ ವ್ಯಾಪಾರಸ್ಥ. ತೂತು ಎಲ್ಲಿದೆ ಎಂದು ತಕ್ಷಣ ಹೊಳೆಯಿತು. "ಹಂಗಾರ ಭೀಮಶಾನ ಬದಲಿ ಕಂಪನಿಯಾಂವಗ ಎಲ್ಲಾ ತಿಳೀತದಲ್ಲೋ!"

"ಅಲ್ಲೇ ಇರೂದು ಮಜಾ. ಕಂಪನಿ ಆರಿಸೂದಂದ್ರ ಅಳಿಯನ ಆರಿಸಿದಂಗ. ಮಾಲಕ ಯಾರು, ಯಾವ ದೇಶದಾವ, ನೀವೇನ ನೋಡಿದ್ರಿ ಅನ್ನೂದು ಬರದಿಟ್ಟಗೋತಾನೋ ಇಲ್ಲೋ, 'ಬರದಿಡೂದಿಲ್ಲ' ಅಂದದ್ದನ್ನ ಹೊರಗಿನಾವ್ರು ಬಂದು ತಪಾಸ ಮಾಡ್ಯಾರೋ ಇಲ್ಲೋ, ಎಲ್ಲಾ ಚೌಕಶಿ ಮಾಡಬೇಕು. ಪುಕ್ಕಟದ್ದs ಬ್ಯಾಡ್ರಿ. ಪುಕ್ಕಟ ಬಂದ ಅಳಿಯ ಮನಿಯಾಗಿಂದು ಏನೇನ ಹೊತಗೊಂಡ ಹೋಗ್ತಾನೋ ಯಾರಿಗೆ ಗೊತ್ತು."

ಒಂದು ತಾಸು ಚೌಕಶಿ ನಡೆಯಿತು. ಒಂದು ಕಂಪನಿಗೆ ಮಾಲೀಕನ ಹೆಸರೇ ಇರಲಿಲ್ಲ, ಗೋತ್ರವಿಲ್ಲದ ವರನ ಹಾಗೆ. ಇನ್ನೊಂದು ವಿಪರೀತ ಜಾಹೀರಾತು ಹಾಕಿತ್ತು. ಅಷ್ಟು ಹೊಗಳಿಕೊಳ್ಳುವವನ ಮನೆಗೆ ಸಿದ್ದರಾಮಪ್ಪ ನಾಯಿಯನ್ನೂ ಕೊಡುತ್ತಿರಲಿಲ್ಲ. ಕೊನೆಗೆ ಒಂದು ಒಪ್ಪಿಗೆಯಾಯಿತು. ಯಾವ ದೇಶದ ಹಾದಿ ಹಿಡಿಯಬೇಕೆಂದು ಫೋನು ಕೇಳಿ, ಸಾಲುಸಾಲು ಬಾವುಟ ತೋರಿಸಿತು.

"ಭೀಮಶಾನ ಪಾವಣೇರು ಇಲ್ಲದ ದೇಶ ಯಾವುದದ?"

"ರೊಮೇನಿಯಾ ಹಾಕ್ರಿ ಕಾಕಾ. ಅಲ್ಲಿ ಅವನ ಬಳಗ ಇರೂದು ಕಠಿಣ."

ಸಿದ್ದರಾಮಪ್ಪ ಅಂಗಡಿಯನ್ನು ನೌಕರರ ಕೈಗೆ ಬಿಟ್ಟು ಮನೆಗೆ ಬಂದು, ಹೆಂಡತಿ ಕಸ್ತೂರಬಾಯಿಯ ಫೋನಿಗೂ ಮಗಳ ಫೋನಿಗೂ ಅದನ್ನೇ ಹಾಕಿದ. ಆಮೇಲೆ ನಿಶ್ಚಿಂತೆಯಿಂದ ಕಾಲು ಚಾಚಿ, ಲಗ್ನದ ಸೈಟು ತೆರೆದು, ಭಾವೀ ಅಳಿಯನ ಫೋಟೊವನ್ನು ಕಣ್ತುಂಬ ನೋಡಿದ. ಮೇಲಿನ ಮನೆಯಲ್ಲಿ ಭೀಮಶಾ ಅತ್ತಿಂದಿತ್ತ ನಡೆದಾಡುವ ಸದ್ದು ಕೇಳುತ್ತಿತ್ತು. 'ಹುಡುಕು ಮಗನ' ಎಂದುಕೊಂಡ ಸಿದ್ದರಾಮಪ್ಪ.

ಆ ನಿಶ್ಚಿಂತೆ ಊಟದ ತನಕವೂ ಬಾಳಲಿಲ್ಲ. ಮೊದಲು ಕಸ್ತೂರಬಾಯಿ ಅಡುಗೆಮನೆಯಿಂದ ಕೂಗಿದಳು:

"ಅಯ್ಯ, ನನ್ನ ಸೀರಿಯಲ್ಲಿಗೆ ಏನಾತು? 'ನಿಮ್ಮ ದೇಶದಾಗ ಸಿಗೂದಿಲ್ಲ' ಅನ್ನಾಕತ್ತೇದ. ನಾವು ಯಾವ ದೇಶದಾಗ ಅದೀವ್ರಿ?"

"ರೊಮೇನಿಯಾದಾಗ. ಸುಮ್ನ ಕೂಡು."

"ಹಂಗಂದ್ರ ಮಿಕ್ಸರ್ ರಿಪೇರಿಗೆ ಕೊಟ್ಟಿದ್ನಲ್ಲ, ಅದನ್ನ ಯಾರ ತರೂದು?"

ಆಮೇಲೆ ಬ್ಯಾಂಕಿನ ಆ್ಯಪು ಒಳಗೆ ಬಿಡಲಿಲ್ಲ. ಆಮೇಲೆ ಫೋನು ರಿಂಗಾಯಿತು. ಅಕ್ಕಲಕೋಟದ ಕಲ್ಲಣ್ಣನವರು. ನಿನ್ನೆಯವರೆಗೆ ಬೆಲ್ಲದಂತಿದ್ದ ಧ್ವನಿ ಇವತ್ತು ಹಾಗಲಕಾಯಿಯಾಗಿತ್ತು.

"ಸಿದ್ದರಾಮಪ್ಪನವರ, ಎಲ್ಲಿದ್ದೀರಿ?"

"ಮನಿಯಾಗರಿ. ಸೋಲಾಪುರದಾಗ."

"ಖರೇ ಹೇಳ್ರಿ."

"ಖರೇನರಿ, ಸಿದ್ಧೇಶ್ವರನ ಆಣಿ!"

"ಮತ್ತ ಲಗ್ನದ ಸೈಟಿನಾವ್ರು ನನಗ ಮೆಸೇಜ್ ಕಳಿಸ್ಯಾರಲ್ಲ? 'ಈ ಕುಟುಂಬದ ಖಾತೆ ರೊಮೇನಿಯಾದಿಂದ ತೆರೆದಿದೆ, ಮೋಸಗಾರರಿರಬಹುದು, ಎಚ್ಚರ' ಅಂತ. ನೀವು ರೊಮೇನಿಯಾಕ್ಕ ಯಾವಾಗ ಹೋದ್ರಿ?"

"ತಡೀರಿ, ವಿಡಿಯೊ ಹಚ್ಚತೀನಿ, ನೀವs ಕಣ್ಣಾರೆ ನೋಡ್ರಿ" ಎಂದು ಸಿದ್ದರಾಮಪ್ಪ ಗಡಬಡಿಸಿ ವಿಡಿಯೊ ಹಚ್ಚಿದ. ಆ ಮುಖ ಸೋಲಾಪುರದಿಂದ ರೊಮೇನಿಯಾಕ್ಕೆ ಹೋಗಿ, ಅಲ್ಲಿಂದ ಅಕ್ಕಲಕೋಟಕ್ಕೆ ಬರಬೇಕಲ್ಲ. ಅರ್ಧ ದಾರಿಯಲ್ಲಿ ಅದು ಬಾಯಿ ತೆರೆದುಕೊಂಡು ನಿಂತೇಬಿಟ್ಟಿತು, ದಂಡೆಗೆ ಬಿದ್ದ ಮೀನಿನ ಹಾಗೆ.

"ಇದು ಫೋಟೊ ಅದ" ಎಂದು ಹಿಂದಿನಿಂದ ಕಲ್ಲಣ್ಣನ ಹೆಂಡತಿ ದ್ರೌಪದಿಯ ದನಿ ಕೇಳಿತು. "ಜೀವಂತ ಮನಷ್ಯಾ ಇಷ್ಟೊತ್ತ ಬಾಯಿ ತಕ್ಕೊಂಡಿರೂದಿಲ್ಲ." ಫೋನು ಕಟ್ಟಾಯಿತು.

ಒಳಗಿನಿಂದ ಪ್ರಾಜಕ್ತಾ ಬಂದಳು. ಚೂಪು ನಾಲಗೆಯ ಹುಡುಗಿಯ ಮುಖ ಸಣ್ಣಗಾಗಿತ್ತು. "ಅಪ್ಪಾ, ಗುರುನಾಥ ಮೆಸೇಜ್ ಮಾಡ್ಯಾನ. 'ನಿಮ್ಮ ಅಪ್ಪಾರ ಕಡಿ ಪಾಸ್‌ಪೋರ್ಟ್ ಅದ ಏನು' ಅಂತ ಕೇಳ್ಯಾನ. ನಾ ಏನಂತ ಹೇಳ್ಲಿ?"

ಸಿದ್ದರಾಮಪ್ಪ ಟೊಪ್ಪಿಗೆ ಹಾಕಿಕೊಂಡು ಸ್ಟ್ಯಾಂಡಿಗೆ ಓಡಿ, ಹೊರಟಿದ್ದ ಅಕ್ಕಲಕೋಟದ ಎಸ್‌ಟಿಯನ್ನು ಹಿಡಿದ. ಬಸ್ಸು ತಗ್ಗಿನಲ್ಲಿ ಕುಣಿದಾಗಲೆಲ್ಲ ಅವನ ಎದೆಯೂ ಕುಣಿಯಿತು. ಮಗಳು ಮೊದಲ ಸಲ 'ಬರೋಬ್ಬರಿ' ಅಂದ ಸ್ಥಳ. ಮೊದಲಿನ ಎರಡನ್ನು ಓಣಿ ಮುರಿದಿತ್ತು. ಇದನ್ನು ತಾನೇ, ಸ್ವಂತ ಕೈಯಿಂದ, ಚೀಲದಲ್ಲಿ ಹಾಕಿ ಹೊಲಿದು ಮುರಿದನೆ?

ಕಲ್ಲಣ್ಣನ ಪಡಸಾಲೆಯಲ್ಲಿ ದ್ರೌಪದಿ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. "ಮನಷ್ಯಾ ಇಲ್ಲಿಯಾವನಂಗs ಕಾಣ್ತಾನ" ಎಂದು ಗಂಡನಿಗೆ ತೀರ್ಪು ಕೊಟ್ಟು, ಪೋಹೆ ತರಲು ಒಳಗೆ ಹೋದಳು.

ಸಿದ್ದರಾಮಪ್ಪ ಗಠ್ಠಾ, ಚೀಲ, ಶಿಕ್ಕಾ ಎಲ್ಲವನ್ನೂ ಬಿಡಿಸಿ ಹೇಳಿದ. ಹೇಳುತ್ತ ಹೇಳುತ್ತ ಹೆಗಲ ಮೇಲಿನ ಟವೆಲ್ಲನ್ನೇ ಮಡಚಿ ಗಠ್ಠಾ ಮಾಡಿ, ಟೊಪ್ಪಿಗೆಯೊಳಗೆ ತುರುಕಿ ತೋರಿಸಿದ. ಕಲ್ಲಣ್ಣ ಮೀಸೆ ತಿರುವುತ್ತ ಕೇಳಿದರು. ಕೊನೆಗೆ ತಲೆದೂಗಿದರು.

"ಅಂದ್ರ ಹುಡಿಗೀ ಮಾತು ಓಣಿ ಬಾಯಿಗೆ ಬೀಳಬಾರದಂತ ಇಷ್ಟೆಲ್ಲಾ ಮಾಡಿದ್ರಿ."

"ಅಷ್ಟs ನೋಡ್ರಿ!"

"ಶ್ಯಾಣ್ಯಾ ಅದೀರಿ. ರೊಮೇನಿಯಾದ ಮಾತು ಮುಗೀತು."

ಸಿದ್ದರಾಮಪ್ಪನಿಗೆ ಅರ್ಧ ಹೋಗಿದ್ದ ಜೀವ ತಿರುಗಿ ಬಂತು. ಪೋಹೆಯ ತಟ್ಟೆಗೆ ಕೈ ಹಾಕಿದ.

"ಇನ್ನ ಒಂದs ಬಾಬತ್ತು ಉಳೀತು" ಎಂದರು ಕಲ್ಲಣ್ಣ. "ಹೆಣ್ಣು ತರಾವ್ರು ನಾವು. ಚೌಕಶಿ ಮಾಡಿಸಲಾರದ ಹ್ಞೂಂ ಅನ್ನೂದಿಲ್ಲ. ನಿಮ್ಮ ಓಣ್ಯಾಗ ನಮ್ಮ ಮನಷ್ಯಾ ಒಬ್ಬ ಅದಾನ, ಏನೂ ಗೊತ್ತಿಲ್ಲದಾಂವನಂಗ ಇರು ಅಂತ ಹೇಳಿದ್ವಿ. ಇಷ್ಟ ದಿನಾ ಭಾಳ ಚಲೋ ಹೇಳ್ಯಾನ ನಿಮ್ಮ ಬಗ್ಗೆ. 'ಅವ್ವ ಸೀರಿಯಲ್ ನೋಡ್ತಾಳ, ಮಗಳು ಪರೀಕ್ಷಾದ್ದು ಓದ್ತಾಳ, ಸಾವಕಾರ ಮೊಣಕಾಲ ಬ್ಯಾನಿ ಎಣ್ಣಿ ಸೈಟ್ ತಗೀತಾನ. ಇಷ್ಟ ಸಾದಾ ಮನಿ ನಾ ನೋಡಿಲ್ಲ, ಕಣ್ಣಮುಚ್ಚಿ ಸಂಬಂಧ ಮಾಡ್ರಿ' ಅಂದಿದ್ದ. ಮೊದಲ ಯಾರೋ ನಿಮ್ಮ ಹುಡಿಗೀ ಬಗ್ಗೆ ಏನೇನೋ ಹೇಳಿದಾಗೂ ಅಂವನs ಅದನ್ನ ಸುಳ್ಳ ಅಂದಾಂವ. ಅವನ ಮಾತಿನ ಮ್ಯಾಲೇ ನಾವು ಇಲ್ಲೀತನಕ ಬಂದದ್ದು."

ಸಿದ್ದರಾಮಪ್ಪನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ.

"ಇವತ್ತ ಮಧ್ಯಾಹ್ನ ಅವನ ಫೋನ್ ಬಂತು. 'ಮಾವಾ, ಮನಿ ಏಕದಮ್ ಕತ್ತಲಿ ಆಗೇದ. ಏನೂ ಕಾಣವಲ್ದು. ಏನೋ ಮುಚ್ಚಾಕತ್ಯಾರ, ಜರಾ ತಡೀರಿ' ಅಂದ."

"ಯಾರ್ರಿ... ಯಾರ್ರಿ ಆ ಪುಣ್ಯಾತ್ಮ?"

ದ್ರೌಪದಿ ಚಹಾದ ಕಪ್ಪು ಇಡುತ್ತ ನಕ್ಕಳು. "ಬ್ಯಾರೆ ಯಾರೂ ಅಲ್ರಿ. ನಿಮ್ಮ ತಲಿ ಮ್ಯಾಲೇ ಇರ್ತಾನ. ಭೀಮಶಾ. ನನ್ನ ಕಾಕಾನ ಮಗ."

ರೊಮೇನಿಯಾದಲ್ಲಿ ಬಳಗ ಇದೆಯೋ ಎಂದು ಕೇಳಿದವನಿಗೆ ಅಕ್ಕಲಕೋಟವನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಕಲ್ಲಣ್ಣನವರು ಮುಗಿಸಿದರು. "ಆ ಚೀಲಾ ಬಿಚ್ಚಿ ಒಗೀರಿ. ಎಲ್ಲಾ ಮೊದಲಿನಂಗ ತೆರದಿಡ್ರಿ. ಅಂವಾ ನೋಡಿ ಹ್ಞೂಂ ಅಂದ್ರ ನಾಳೇನs ಸಾಖರಪುಡಾದ ಮಾತು ತಗೀತೀನಿ. ಉಂಹೂಂ ಅಂದ್ರ, ನಮಗೂ ಒಬ್ಬನs ಮಗ, ತಪ್ಪ ತಿಳಕೋಬ್ಯಾಡ್ರಿ."

ಸಂಜೆ ಸೋಲಾಪುರಕ್ಕೆ ಇಳಿದದ್ದೇ ಸಿದ್ದರಾಮಪ್ಪ ಮನೆಯ ಮೂರೂ ಫೋನುಗಳಿಂದ ವಿಪಿಎನ್ ಕಿತ್ತು ಹಾಕಿದ. ಆದರೆ ಕಿತ್ತು ಹಾಕಿದಷ್ಟಕ್ಕೆ ಅವನ ಕೆಲಸ ಮುಗಿಯಲಿಲ್ಲ. ಮೇಲೆ ಕುಳಿತವನ ಕಣ್ಣಿಗೆ ಈಗ ಏನು ಬೀಳಬೇಕು? ಒಳ್ಳೆಯದೇ ಬೀಳಬೇಕು. ಬಹಳ ಒಳ್ಳೆಯದು ಬೀಳಬೇಕು.

"ದೇವರ ಸೈಟ್ ತಗೀರಿ ಎಲ್ಲಾರೂ!" ಎಂದು ಆಜ್ಞೆ ಮಾಡಿದ. "ನೀ ಪಂಢರಪುರ ತಗಿ. ಪ್ರಾಜಕ್ತಾ, ನೀ ತುಳಜಾಪುರ. ನಾ ಗಾಣಗಾಪುರ ನೋಡ್ತೀನಿ."

"ನನ್ನ ಸೀರಿಯಲ್ರಿ?" ಎಂದಳು ಕಸ್ತೂರಬಾಯಿ.

"ಅದರಾಗ ಅತ್ತಿ ಸೊಸಿ ಜಗಳಾಡ್ತಾರ. ಬೀಗರ ಕಿವಿಗೆ ಬಿದ್ರ ಏನ ತಿಳಕೊಂಡಾರು?"

"ಅಪ್ಪಾ, ಅಕ್ಕಲಕೋಟದಾವ್ರು ಮೊದಲಿನಂಗ ಇರ್ರಿ ಅಂದಾರ" ಎಂದಳು ಪ್ರಾಜಕ್ತಾ. "ನಾವು ಮೊದಲ ಹಿಂಗ ಎಲ್ಲಿದ್ವಿ?"

"ನಿನ್ನ ನಾಲಿಗಿ ಒಂದ ದಿನಾ ಒಳಗಿಡು. ನಿನ್ನ ಸಲುವಾಗೇ ಒದ್ದಾಡಾಕತ್ತೀನಿ."

ಹುಡುಗಿ ತುಳಜಾಪುರ ತೆರೆದಳು. ಪಂಢರಪುರ ಮುಗಿದ ಮೇಲೆ ಕಾಶಿ ಬಂತು, ಕಾಶಿಯ ಹಿಂದೆ ತಿರುಪತಿ, ಶ್ರೀಶೈಲ, ಕೊಲ್ಹಾಪುರ. ಒಲೆಯ ಮೇಲೆ ಪಲ್ಯ ಸೀದ ವಾಸನೆ ಬಂದರೂ ಯಾರೂ ಏಳಲಿಲ್ಲ. ಹರಿದ್ವಾರದ ಗಂಗಾರತಿಯ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು.

ಭೀಮಶಾ. ಸಿದ್ದರಾಮಪ್ಪ ಎದ್ದು, ತನ್ನ ಕುರ್ಚಿಯನ್ನೇ ಟವೆಲಿನಿಂದ ಒರೆಸಿ ಮುಂದಿಟ್ಟ. "ಬರ್ರಿ, ಬರ್ರಿ ಭೀಮಶಾ ಅವರ. ಕೂಡ್ರಿ. ಏ, ಚಾ ಇಡು!"

ಬೆಳಿಗ್ಗೆಯ 'ಭೀಮಶಾ' ಸಂಜೆಗೆ 'ಅವರು' ಆದದ್ದನ್ನು ಅವನೂ ಗಮನಿಸಿದ. ಕುರ್ಚಿಯ ತುದಿಯಲ್ಲಿ ಕುಳಿತು, ನೋವಿನ ದನಿಯಲ್ಲಿ ಹೇಳಿದ:

"ಸಾವಕಾರ್ರ, ನಾ ನಿಮ್ಮ ಪರ ಇದ್ದಾವ. ನಿಮಗ ಗೊತ್ತಿಲ್ಲ, ಎಷ್ಟ ಬಡದಾಡೀನಿ ನಿಮ್ಮ ಸಲುವಾಗಿ."

"ಗೊತ್ತಾತು, ಎಲ್ಲಾ ಗೊತ್ತಾತು. ನಿಮ್ಮ ಉಪಕಾರ ಮರಿಯೂದಿಲ್ಲ. ಈಗ ಎಲ್ಲಾ ತೆರದಿಟ್ಟೀವಲ್ಲ, ಕಾಣಾಕತ್ತೇದಿಲ್ಲ?"

"ಕಾಣಾಕತ್ತೇದ. ಅದಕ್ಕs ಬಂದೆ. ಪಂಢರಪುರ, ತುಳಜಾಪುರ, ಗಾಣಗಾಪುರ, ಕಾಶಿ, ತಿರುಪತಿ... ಇಷ್ಟ ದಿನಾ ಈ ವೈರಿನಾಗ ಒಂದ ದೇವರೂ ಓಡಿರಲಿಲ್ಲ."

"ಭಕ್ತಿರಿ, ಭಕ್ತಿ!" ಸಿದ್ದರಾಮಪ್ಪ ಕೈ ಮುಗಿದ. "ಹೇಳಿದ್ರೇನು ಅಕ್ಕಲಕೋಟಕ್ಕ?"

"ಈಗs ಫೋನ್ ಮಾಡಿ ಇಳದ ಬಂದೆ. ಅಕ್ಕನ ಮುಂದ ಸುಳ್ಳ ಹೇಳಾಕ ಬರೂದಿಲ್ಲಲ್ರಿ" ಎಂದ ಭೀಮಶಾ, ಚಹಾಕ್ಕೂ ಕಾಯದೆ ಎದ್ದು ನಿಂತು. "ಇಡೀ ಮಧ್ಯಾಹ್ನ ಏನೋ ಮುಚ್ಚಿ ಇಟ್ಟಿದ್ರು, ಸಂಜೀಗೆ ಒಮ್ಮೆಲೆ ಇಷ್ಟ ದೇವರ ಕಾಲ ಹಿಡದಾರ ಅಂದ್ರ, ಮಾಡಿದ ಪಾಪ ಸಣ್ಣದಲ್ಲ ಅಕ್ಕಾ ಅಂತ ಹೇಳೀನಿ."