ದೊಡ್ಡವ್ವನೂ ಮುದುಕರ ಧೋತರಗಳೂ

ನಮ್ಮ ದೊಡ್ಡವ್ವ ಗಟ್ಟಿಮುಟ್ಟಾದ ಮುದುಕರನ್ನು ಕಂಡರೆ ಮೊದಲು ಅವರ ಮುಖ ನೋಡುತ್ತಿರಲಿಲ್ಲ, ಉಟ್ಟ ಧೋತರ ನೋಡುತ್ತಿದ್ದಳು. ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ಆಕೆಗೆ ಮುದುಕರ ಮೇಲೆ ಯಾವ ಆಸೆಯೂ ಇರಲಿಲ್ಲ, ಇದ್ದದ್ದು ಧೋತರದ ಮೇಲೆ. ಅದೂ ಹೊಸ ಧೋತರವಲ್ಲ. ವರ್ಷಗಟ್ಟಲೆ ಉಟ್ಟು, ತೊಳೆದು, ಇನ್ನೊಂದು ಸಲ ಕಲ್ಲಿಗೆ ಬಡಿದರೆ ಕೈಯಲ್ಲೇ ಹರಿದು ಬರುವಂಥದು! ಯಾಕೆ ಅಂತೀರಾ? ನನ್ನ ಮಗಳ ಲಂಗೋಟಿಗೆ.

ಇದು ನಾವಿನ್ನೂ ಮುಂಬಯಿ ಸರಕಾರದ ಕೆಳಗಿದ್ದ ಕಾಲದ ಮಾತು. ನನ್ನನ್ನು ರೋಣದ ಹತ್ತಿ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ಗಜೇಂದ್ರಗಡದ ತವರಿಗೆ ಬಂದಿದ್ದೆ. ನಮ್ಮದು ನೇಕಾರರ ಮನೆ. ಅಪ್ಪ ಪಡಸಾಲೆಯಲ್ಲಿ ಮಗ್ಗ ಹಾಕಿಕೊಂಡು ಸೀರೆ ನೇಯುತ್ತಿದ್ದ. ದೊಡ್ಡವ್ವ ನಮ್ಮ ಅವ್ವನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಬಂದು ಉಳಿದಿದ್ದಳು. ಮೂರು ಹೆತ್ತಿದ್ದಳು, ಒಂದೂ ನಿಂತಿರಲಿಲ್ಲ. ಅದನ್ನು ಹೇಳಿಕೊಂಡು ಅತ್ತದ್ದನ್ನು ನಾನಂತೂ ನೋಡಿಲ್ಲ. ಆದರೆ ನಾನು ಬಸುರಿ ಎಂದು ಗೊತ್ತಾದ ದಿನವೇ ಆಕೆ ಸೊಂಟ ಕಟ್ಟಿ ನಿಂತಳು. ಈ ಕೂಸು ನಿಲ್ಲಬೇಕು, ಅಷ್ಟೇ.

ಅದಕ್ಕೆ ಆಕೆ ಕಂಡುಕೊಂಡ ಮದ್ದು ಹಳೆಯ ಅರಿವೆ. ಹುಟ್ಟಿದ ಕೂಸಿಗೆ ತೊಟ್ಟಿಲಿಗೆ ಹಾಕುವ ತನಕ ಹೊಸ ಬಟ್ಟೆ ಮುಟ್ಟಿಸಬಾರದು, ಬಾಳಿ ಬದುಕಿದ ಹಿರಿಯರ ಹಳೆಯ ಬಟ್ಟೆಯಲ್ಲಿ ಸುತ್ತಬೇಕು, ಅವರ ಆಯುಷ್ಯ ಕೂಸಿಗೂ ತಾಗುತ್ತದೆ ಎಂಬುದು ನಮ್ಮ ಕಡೆಯ ರೂಢಿ. ಎಲ್ಲರೂ ಮನೆಯ ಅಜ್ಜನದೋ ಅಜ್ಜಿಯದೋ ಒಂದು ತುಂಡು ಹರಿದು ಶಾಸ್ತ್ರ ಮುಗಿಸುತ್ತಾರೆ. ದೊಡ್ಡವ್ವ ಆ ಶಾಸ್ತ್ರವನ್ನು ರೋಣ, ನರಗುಂದ ಎರಡೂ ತಾಲೂಕಿಗೆ ಹಿಗ್ಗಿಸಿದಳು!

ಆಕೆಯ ಪರೀಕ್ಷೆ ಹೆಣ್ಣು ನೋಡುವುದಕ್ಕಿಂತ ಬಿಗಿ. ಮುದುಕರಿಗೆ ವಯಸ್ಸಾಗಿದ್ದರೆ ಸಾಲದು, ಮಕ್ಕಳು ಮೊಮ್ಮಕ್ಕಳು ಎಲ್ಲರೂ ಇರಬೇಕು. ಕೆಮ್ಮಬಾರದು. ಸಿಡುಕಬಾರದು. ಶಿರೋಳದ ಒಬ್ಬ ರೈತಜ್ಜ ಎಲ್ಲದರಲ್ಲೂ ಪಾಸಾದರೂ ಆಕೆ ಬರಿಗೈಯಲ್ಲಿ ಬಂದಳು. ಆತ ಗೊರಕೆ ಹೊಡೆಯುತ್ತಾನೆಂದು ಅವನ ಸೊಸೆಯೇ ಹೇಳಿದಳಂತೆ. ಗೊರಕೆಗೂ ಲಂಗೋಟಿಗೂ ಏನು ಸಂಬಂಧ ಎಂದು ಕೇಳಿದೆ.

“ನಿನಗ ರಾತ್ರಿ ನಿದ್ದಿ ಬೇಕೋ ಬ್ಯಾಡೋ?” ಅಂದಳು.

ನರಗುಂದದಲ್ಲಿ ಇನ್ನೂ ಮಜಾ ಆಯಿತು. ಅಲ್ಲಿ ಒಂದು ಸಾವಕಾರರ ಮನೆಯಲ್ಲಿ ಮರಿಮಕ್ಕಳನ್ನು ಕಂಡ ಅಜ್ಜಿ ಇದ್ದಾಳೆಂದು ಸುದ್ದಿ ತಿಳಿದು ಬಸ್ಸು ಹತ್ತಿ ಹೋದಳು. ಗಜೇಂದ್ರಗಡದವರು ಬಂದಿದ್ದಾರೆ ಅಂದಕೂಡಲೇ ಸೀರೆ ಮಾರಲು ಬಂದಿದ್ದಾರೆ ಅಂದುಕೊಂಡು ಓಣಿಯ ಹೆಂಗಸರೆಲ್ಲ ಕೂಡಿದರು. ದೊಡ್ಡವ್ವ ಗಂಟು ಬಿಚ್ಚಲಿಲ್ಲ. ಬಿಚ್ಚಲು ಗಂಟು ಎಲ್ಲಿತ್ತು? ತಾನು ಸೀರೆ ಮಾರಲು ಬಂದಿಲ್ಲ, ಅಜ್ಜಿಯ ಹರಕು ಸೀರೆ ಬೇಡಲು ಬಂದಿದ್ದೇನೆ ಅಂದಳು. ಸೀರೆಯ ಊರಿನವಳು ಹರಕು ಸೀರೆ ಬೇಡುವುದೆಂದರೆ! ಪಾಪ, ಮಗ್ಗ ನಿಂತು ಹೋಗಿರಬೇಕು ಅಂದುಕೊಂಡ ಸಾವಕಾರ್ತಿ ಹಳೆಯ ಸೀರೆಯ ಜೊತೆ ಒಂದು ಚೀಲ ಜೋಳವನ್ನೂ ಕೊಟ್ಟು ಕಳಿಸಿದಳು. ಬೇಡ ಅಂದರೆ ಅವರ ಮನಸ್ಸಿಗೆ ನೋವಾದೀತೆಂದು ಈಕೆ ಜೋಳವನ್ನೂ ಹೊತ್ತು ತಂದಳು. ಅಪ್ಪ ಕೆಂಡವಾದ. ನಾಲ್ಕು ಊರಿಗೆ ಸೀರೆ ಉಡಿಸುವ ಮನೆಯ ಮಾನ ನರಗುಂದದಲ್ಲಿ ಹೋಯಿತೆಂದು ಕೂಗಾಡಿದ. ಆ ಜೋಳದ ರೊಟ್ಟಿ ಮಾತ್ರ ಭಾಳ ಚಲೋ ಆಗಿದೆ ಅಂತ ಇನ್ನೊಂದು ಹಾಕಿಸಿಕೊಂಡ.

ಮಗಳು ಹುಟ್ಟಿದಳು. ಹೋದ ಮಾನವನ್ನು ವಾಪಸು ತರಲು ಅಪ್ಪ ತಾನೇ ಮೊಮ್ಮಗಳಿಗೆ ಲಂಗೋಟಿಯ ಅರಿವೆ ನೇಯಲು ಕೂತ. ಮಗ್ಗದ ಮನೆಯ ಕೂಸಿಗೆ ಊರವರ ಹರಕು ಯಾಕೆ? ಸಣ್ಣ ನೂಲು ಆರಿಸಿ, ಮಾರುವ ಸೀರೆಯನ್ನು ಬದಿಗಿಟ್ಟು, ಯಾರನ್ನೂ ಹತ್ತಿರ ಬಿಡದೆ ನೇಯ್ದ. ಮಗ್ಗದಿಂದ ಇಳಿಸಿ ತಂದು ಹರವಿದಾಗ ನಾವೆಲ್ಲ ನೋಡಿದೆವು. ಎರಡೂ ಕಡೆ ಕೆಂಪು ದಡಿ! ಒಂದು ತುದಿಗೆ ಸೆರಗು ಬೇರೆ! ಜನ್ಮದಲ್ಲಿ ದಡಿಯಿಲ್ಲದ ಬಟ್ಟೆ ನೇಯ್ದು ಗೊತ್ತಿಲ್ಲದ ಕೈ, ಅದಾದರೂ ಏನು ಮಾಡೀತು?

ದೊಡ್ಡವ್ವ ಅದನ್ನು ಎತ್ತಿ, ಗಂಜಿಯಿಂದ ಸೆಟೆದಿದ್ದ ದಡಿಯ ಮೇಲೆ ಬೆರಳಾಡಿಸಿ, “ಇದನ್ನ ಕೂಸಿಗೆ ಕಟ್ಟತೀರೋ, ಮದಲಗಿತ್ತಿಗೆ ಉಡಸತೀರೋ?” ಎಂದಳು.

ಅಪ್ಪ ಎರಡು ದಿನ ಆಕೆಯ ಜೊತೆ ಮಾತಾಡಲಿಲ್ಲ. ತೊಟ್ಟಿಲ ಶಾಸ್ತ್ರ ಮುಗಿದ ಮೇಲೆ ನಾನು ಆತನ ಸಮಾಧಾನಕ್ಕೆಂದು ಒಂದು ಸಲ ಅದನ್ನೇ ಕಟ್ಟಿದೆ. ಮಗಳು ಅತ್ತ ಅಳುವಿಗೆ ಮಗ್ಗದ ಸಪ್ಪಳವೇ ಕೇಳಿಸದಂತಾಯಿತು. ಅಪ್ಪನೇ ಎದ್ದು ಬಂದು, ಬಿಚ್ಚವಾ, ಬಿಚ್ಚು ಅಂದ.

ಇನ್ನು ನಮ್ಮ ಯಜಮಾನರು. ಮಗಳನ್ನು ನೋಡಲು ಬಂದವರು ಹಿತ್ತಲಿನ ಹಗ್ಗ ನೋಡಿ ದಂಗಾದರು. ತಾಲೂಕಿನ ಮುದುಕರೆಲ್ಲ ಅಲ್ಲಿ ಚೂರು ಚೂರಾಗಿ ಒಣಗುತ್ತಿದ್ದರಲ್ಲ! ಹತ್ತಿಯ ಕೆಲಸಕ್ಕೆ ಮುಂಬಯಿಗೆ ಹೋದಾಗ ಅವರು ವಿಲಾಯತಿ ಸಾಮಾನಿನ ಅಂಗಡಿಯಿಂದ ಒಂದು ದೊಡ್ಡ ಪೊಟ್ಟಣ ತಂದರು. ಮೇಲೆ ಬೆಣ್ಣೆಯಂಥ ಒಂದು ಬಿಳಿ ಮೇಡಮ್ಮನ ಕೂಸಿನ ಚಿತ್ರ. ಒಳಗೆ ಕಾಗದ, ತೆಳ್ಳನೆಯ ಜಾಳಿಗೆಯ ಬಟ್ಟೆ, ನಡುವೆ ಹತ್ತಿ. ಕಟ್ಟಬೇಕು, ಒದ್ದೆಯಾದರೆ ಬಿಸಾಡಬೇಕು, ತೊಳೆಯುವ ರಗಳೆ ಇಲ್ಲ ಎಂದು ವಿವರಿಸಿದರು.

ಅಪ್ಪ ಒಂದನ್ನು ಬಿಚ್ಚಿ ನೋಡಿ ಮುಖ ಸಿಂಡರಿಸಿದ. ಹತ್ತಿಯನ್ನು ನೂತಿಲ್ಲ, ನೇಯ್ದಿಲ್ಲ, ಹಾಗೇ ತುರುಕಿದ್ದಾರೆ, ಮೈಗಳ್ಳರ ಕೆಲಸ ಅಂದ. ದೊಡ್ಡವ್ವನ ತಕರಾರು ಬೇರೆ. ಕೂಸಿನ ಮೈಗೆ ಹತ್ತಿದ್ದನ್ನು ಹೊರಗೆ ಬಿಸಾಡುವುದೆಂದರೇನು? ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಕೂಸಿನ ಬಟ್ಟೆಯನ್ನು ಹಗ್ಗದ ಮೇಲೂ ಬಿಡುವುದಿಲ್ಲ, ದೃಷ್ಟಿಯೋ ಮಾಟವೋ ಆದೀತೆಂದು ಒಳಗೆ ತರುತ್ತಾರೆ. ತಿಪ್ಪೆಗೆ ಹಾಕುವ ಮಾತೇ ಇಲ್ಲ. ಒಲೆಗೆ ಹಾಕಿದರೆ ಕೂಸಿಗೆ ಉರಿಮೂತ್ರ ಬರುತ್ತದಂತೆ. ಹೀಗಾಗಿ ಬಿಸಾಡಲೆಂದೇ ಮಾಡಿದ ವಸ್ತುವನ್ನು ಬಿಸಾಡಲು ಗಜೇಂದ್ರಗಡದಲ್ಲಿ ಜಾಗವೇ ಇರಲಿಲ್ಲ! ಕೊನೆಗೆ ದೊಡ್ಡವ್ವ ಹಿತ್ತಲಲ್ಲಿ ಕುಣಿ ತೋಡಿ, ಕಟ್ಟಿ ತೆಗೆದ ಒಂದೊಂದನ್ನೂ ಹೊನ್ನು ಹೂಳಿದ ಹಾಗೆ ಹೂಳಿ ಮೇಲೆ ಕಲ್ಲು ಹೇರಿದಳು. ಮರುದಿನ ನಾಯಿಗಳು ಕಲ್ಲು ಸರಿಸಿದವು. ಆಮೇಲೆ ಓಣಿಯ ತುಂಬ ಹತ್ತಿ ಹಾರಾಡಿದ್ದನ್ನು, ಈ ಸಲ ನಿಮ್ಮ ಅಳಿಯಂದಿರ ವ್ಯಾಪಾರ ಜೋರಿದೆಯಲ್ಲ ಎಂದು ಓಣಿಯವರು ಅಪ್ಪನನ್ನು ಕೇಳಿದ್ದನ್ನು ನಾನು ಹೇಳುವುದಿಲ್ಲ.

ಪೊಟ್ಟಣ ಮುಗಿಯುವಷ್ಟರಲ್ಲಿ ಶ್ರಾವಣದ ಜಡಿ ಹತ್ತಿತು. ಈಗ ನಗು ಸ್ವಲ್ಪ ಬದಿಗಿರಲಿ. ಬಿಸಿಲಿಲ್ಲ, ಒಂದು ಅರಿವೆಯೂ ಒಣಗಲಿಲ್ಲ. ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಬೋರಲು ಹಾಕಿ ಒಣಗಿಸಿದರೂ ಹಸಿ ಹಸಿಯೇ. ಮಗಳ ತೊಡೆಯ ಸಂದೆಲ್ಲ ಕೆಂಪಾಗಿ ಚರ್ಮ ಸುಲಿಯಿತು. ಜ್ವರವೂ ಬಂತು. ದವಾಖಾನೆಯಲ್ಲಿ ಮುಲಾಮು ಕೊಟ್ಟು, ಮೆತ್ತನೆಯ ಒಣ ಬಟ್ಟೆ ಕಟ್ಟಬೇಕು ಅಂದರು. ಮೂರು ಕೂಸು ಕಳಕೊಂಡವಳು ಜ್ವರ ಅಂದಕೂಡಲೇ ಕೂತಲ್ಲಿ ಕೂರಲಿಲ್ಲ. ಕೊಣ್ಣೂರಿನಲ್ಲಿ ನೂರು ದಾಟಿದ ಒಬ್ಬ ಅಜ್ಜ ಇದ್ದಾನಂತೆ, ಅವನ ಧೋತರ ತರುತ್ತೇನೆಂದು ಮಳೆಯಲ್ಲೇ ಹೊರಟುಬಿಟ್ಟಳು. ಹೋದ ದಿನವೇ ಕೊಣ್ಣೂರ ಬದಿಯ ಮಲಪ್ರಭೆ ಏರಿ ದಾರಿ ಮುಳುಗಿತು. ಬಸ್ಸು ನಿಂತವು.

ಇತ್ತ ಮನೆಯಲ್ಲಿ ಒಣಗಿದ ತುಂಡು ಒಂದೂ ಉಳಿಯಲಿಲ್ಲ. ಅವ್ವ ತನ್ನ ಹಳೆಯ ಸೀರೆಗಳನ್ನು ಆಗಲೇ ಹರಿದು ಕೊಟ್ಟಿದ್ದಳು. ನಾನು ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಮನೆಯೆಲ್ಲ ಹುಡುಕಿದೆ. ಕೊನೆಗೆ ದೊಡ್ಡವ್ವನ ಟ್ರಂಕು ತೆಗೆದೆ. ಅದರಲ್ಲಿ ಆಕೆ ಉಟ್ಟು ಸವೆಸಿದ ಸೀರೆಗಳು ಮಡಿಚಿಟ್ಟಿದ್ದವು. ಮುಟ್ಟಿದರೆ ಕೈಗೆ ಹತ್ತದಷ್ಟು ಮೆತ್ತಗೆ! ಇಂಥದನ್ನು ಮನೆಯಲ್ಲೇ ಇಟ್ಟುಕೊಂಡು ಈಕೆ ಊರೂರು ಯಾಕೆ ಅಲೆಯುತ್ತಾಳೆ ಎಂದು ನನಗೆ ಸಿಟ್ಟೇ ಬಂತು. ಒಂದನ್ನು ಹರಿದು ತುಂಡು ಮಾಡಿದೆ, ಕಟ್ಟಿದೆ.

ಹೊಳೆ ಇಳಿದ ಮೇಲೆ ದೊಡ್ಡವ್ವ ಕೆಸರು ಕಾಲಲ್ಲಿ, ಧೋತರದ ಗಂಟನ್ನು ಎದೆಗೆ ಅವುಚಿಕೊಂಡು ಬಂದಳು. ಬಾಗಿಲಲ್ಲೇ ನಿಂತು ತೊಟ್ಟಿಲು ನೋಡಿದಳು. ತನ್ನ ಸೀರೆಯ ಬಣ್ಣ ಗುರುತು ಹತ್ತಿತು. ಗಂಟು ಕೈಯಿಂದ ಜಾರಿತು.

“ಅದನ್ಯಾಕ ಕಟ್ಟಿದಿ? ಬಿಚ್ಚವಾ, ಲಗೂನ ಬಿಚ್ಚು. ನನ್ನದು ಆಕೀಗೆ ತಾಗಬಾರದು.”

ಏನು ತಾಗಬಾರದು ಎಂದು ಕೇಳಿದೆ.

“ನನ್ನ ಹತ್ರ ಒಂದ ಕೂಸರ ನಿಂತsತೇನ? ಅದಕ್ಕ ನನ್ನ ಅರಿವಿ ಇಕೀ ಅರಿವಿ ಕೂಡ ಒಣಗಸೂದೂ ಇಲ್ಲ ನಾ.”

ಆಗ ನನಗೆ ಹೊಳೆಯಿತು. ಹುಟ್ಟಿದಾಗಿನಿಂದ ಮಗಳ ಬಟ್ಟೆ ತೊಳೆದವಳು ಈಕೆ, ಲೋಬಾನದ ಹೊಗೆ ಹಾಕಿದವಳು ಈಕೆ, ಆದರೆ ಒಂದು ದಿನವೂ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿರಲಿಲ್ಲ. ಕೊಡಹೋದಾಗಲೆಲ್ಲ ಕೈ ಹಸಿ ಇದೆ, ಒಲೆಯ ಮೇಲೆ ನೀರಿದೆ ಅಂತಿದ್ದಳು. ನಾನು ಅದನ್ನು ಆಕೆಯ ಚಾಳಿ ಅಂದುಕೊಂಡಿದ್ದೆ.

“ನೀ ಹೋದಾಗಿಂದ ಇದನ್ನ ಕಟ್ಟೇನಿ, ದೊಡ್ಡವ್ವಾ. ಜ್ವರ ಬಿಟ್ಟಾವು. ತೊಡಿ ಮಾಯ್ದಾವು. ನೀನs ನೋಡು.”

ಮಗಳನ್ನು ಎತ್ತಿ ಆಕೆಯ ಮುಂದೆ ಹಿಡಿದೆ. ಆಕೆ ಬೇಡ ಬೇಡ ಅನ್ನುತ್ತಲೇ ಗೋಡೆಗೆ ಆತು ಕೂತಳು. ನಾನು ತೊಡೆಯ ಮೇಲೆ ಮಲಗಿಸಿಯೇ ಬಿಟ್ಟೆ. ಎಲ್ಲಿ ಹಿಡಿಯಬೇಕು ಎಂದು ಕೈಗೆ ಮರೆತುಹೋಗಿತ್ತೋ ಏನೋ, ಎರಡೂ ಕೈ ಮೇಲೆತ್ತಿ ಉಸಿರು ಬಿಗಿಹಿಡಿದು ಕೂತಿದ್ದಳು. ಮಗಳು ಮೈ ಮುರಿದಳು, ಆಕಳಿಸಿದಳು, ಆಮೇಲೆ ಬೆಚ್ಚಗೆ ಉಚ್ಚೆ ಹೊಯ್ದಳು. ಲಂಗೋಟಿ ತೊಯ್ದು ದೊಡ್ಡವ್ವ ಉಟ್ಟ ಸೀರೆಗೂ ಇಳಿಯಿತು. ನಾನು ಬದಲಿಸಲು ಕೈ ಚಾಚಿದೆ.

ದೊಡ್ಡವ್ವನ ಕೈ ಮೆಲ್ಲಗೆ ಕೆಳಗಿಳಿದು ಕೂಸನ್ನು ಸುತ್ತಿಕೊಂಡಿತು.

“ಇರಲಿ ಬಿಡವಾ,” ಎಂದಳು. “ಎರಡೂ ನನ್ನ ಸೀರಿನs ಅದಾವು.”