ಚೊಚ್ಚಲು ಕಂಪ್ಯೂಟರು

ಗಂಗಾಂಬಿಕಮ್ಮ ನಲವತ್ತು ವರ್ಷಗಳಲ್ಲಿ ಹನ್ನೊಂದು ಹಸು ಕೊಂಡಿದ್ದರು. ಒಂದೂ ಒದ್ದಿರಲಿಲ್ಲ. ಚೊಚ್ಚಲು ಹಸುವನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಎರಡನೇ ಸೂಲಿನದನ್ನೇ, ಅದನ್ನೂ ಮೂರು ಹೊತ್ತು ತಾವೇ ಕರೆದು ನೋಡಿ ತರುತ್ತಿದ್ದರು. ಈ ಮಹಾಸಿದ್ಧಾಂತಕ್ಕೆ ನರಸಿಂಹರಾಜಪುರದ ಅವರ ಬೀದಿಯಲ್ಲಿ ಎದುರಾಡಿದವರಿಲ್ಲ, ಸೊಸೆ ದಾಕ್ಷಾಯಿಣಿ ಕಂಪ್ಯೂಟರಿನ ಮಾತೆತ್ತುವವರೆಗೆ.

ತಾಲ್ಲೂಕು ಕಚೇರಿಯ ಎದುರು ವಾಸಪ್ಪನವರ ಮಳಿಗೆ ಖಾಲಿಯಿತ್ತು. ಅಲ್ಲಿ ಎರಡು ಕಂಪ್ಯೂಟರಿಟ್ಟು ಜನರ ಅರ್ಜಿ ಟೈಪು ಮಾಡಿಕೊಡಬೇಕೆಂದು ಸೊಸೆಯ ಆಸೆ. ದೀಪಾವಳಿಯವರೆಗೆ ಬೇರೆಯವರಿಗೆ ಕೊಡುವುದಿಲ್ಲವೆಂದು ವಾಸಪ್ಪ ಮಾತು ಕೊಟ್ಟಿದ್ದರು. ದುಡ್ಡು ಮಾತ್ರ ಅತ್ತೆಯ ಹೆಸರಿನಲ್ಲಿತ್ತು.

ಇಬ್ಬರೂ ಬಸ್ಸಿನಲ್ಲಿ ಕೊಪ್ಪಕ್ಕೆ ಹೋದರು.

"ಹೊಸ ಪ್ರೊಸೆಸರ್ ಅಮ್ಮ, ಮೊದಲ್ನೇ ತಲೆಮಾರು," ಎಂದ ಅಂಗಡಿಯವನು.

ಗಂಗಾಂಬಿಕಮ್ಮ ಆ ಡಬ್ಬಿಯ ಬೆನ್ನ ಮೇಲೆ ಕೈಯಾಡಿಸಿದರು. "ಎರಡ್ನೇದು ಯಾವಾಗ?"

"ಒಂದು ವರ್ಷ, ಒಂದೂವರೆ ವರ್ಷ ಆಗ್ಬಹುದು."

"ದನವೇ ಒಂಬತ್ತು ತಿಂಗಳಿಗೆ ಹಾಕ್ತದೆ ಮಾರಾಯ, ಇದಕ್ಕೆಂತ ಇಷ್ಟು ದಿನ? ಇರಲಿ, ಕಾಯ್ತೇವೆ."

ವಾಪಸು ಬರುವಾಗ ದಾಕ್ಷಾಯಿಣಿ ಬಸ್ಸಿನ ಕಿಟಕಿಯ ಕಡೆ ನೋಡುತ್ತಲೇ, "ಚೊಚ್ಚಲು ಅಂದ್ರೆ ಎಲ್ಲ ಕೆಟ್ಟದ್ದಾ ಅತ್ತೆ? ನಿಮ್ಮ ಮಗನೂ ಚೊಚ್ಚಲೇ ಅಲ್ವಾ?" ಎಂದಳು.

"ಅದಕ್ಕೇ ಹೇಳ್ತಿರೋದು."

(ಮಗ ವೀರೇಶ ಆ ಹೊತ್ತಿಗೆ ಮನೆಯಲ್ಲಿ ಉಂಡು ಮಲಗಿದ್ದ. ಈ ಕಥೆಯಲ್ಲಿ ಅವನ ಕೆಲಸ ಇಷ್ಟೇ. ಮನೆಯಲ್ಲೂ ಇಷ್ಟೇ.)

ಸಂಜೆ ಗಂಗಾಂಬಿಕಮ್ಮನ ಮೈದುನ ಕರಿಬಸವಯ್ಯ ಕಾಫಿಗೆ ಬಂದಾಗ ವ್ಯಾಜ್ಯ ಅವನ ಮುಂದೆ ಹೋಯಿತು. ಅವನು ಲೋಟ ಕೆಳಗಿಟ್ಟು, ಯಾವ ಅಂಗಡಿ, ಯಾವ ಮಳಿಗೆ, ವಾಸಪ್ಪನ ಮಾತು ಎಲ್ಲಿಯವರೆಗೆ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡ. "ಅತ್ತಿಗೆ ಹೇಳಿದ್ದು ಸರಿ ಕಣಮ್ಮ," ಎಂದು ಸೊಸೆಗೆ ಬುದ್ಧಿ ಹೇಳಿದ. "ದುಡುಕಬಾರ್ದು." ಗಂಗಾಂಬಿಕಮ್ಮ ಅವನಿಗೆ ಇನ್ನರ್ಧ ಲೋಟ ಕಾಫಿ ಬಗ್ಗಿಸಿದರು. ಹಾಲು ಎರಡನೇ ಸೂಲಿನದೇ.

ದೀಪಾವಳಿ ಕಳೆಯಿತು. ನಾಲ್ಕನೇ ದಿನ ವಾಸಪ್ಪನ ಮಳಿಗೆಯ ಬಾಗಿಲಿಗೆ ಮಾವಿನ ತೋರಣ, ಒಳಗೆ ಎರಡು ಕಂಪ್ಯೂಟರು, ಅವುಗಳಿಗೆ ವಿಭೂತಿ, ಪಕ್ಕದಲ್ಲಿ ಕರಿಬಸವಯ್ಯ. ದಾಕ್ಷಾಯಿಣಿ ಅಳಲಿಲ್ಲ, ಜಗಳ ಆಡಲಿಲ್ಲ. ಮರುದಿನ ಇಸ್ತ್ರಿ ಸೀರೆ ಉಟ್ಟು ಅಲ್ಲಿಗೇ ಸಂಬಳಕ್ಕೆ ಹೋದಳು. ಕೊಟ್ಟಿಗೆಯ ಕೆಲಸ ಅತ್ತೆಯ ಪಾಲಿಗೆ ಬಂತು.

ಪಡಿತರ ಚೀಟಿಯ ಅರ್ಜಿಗಾಗಿ ಗಂಗಾಂಬಿಕಮ್ಮನೂ ಒಂದು ದಿನ ಆ ಮಳಿಗೆಯ ಮೆಟ್ಟಿಲು ಹತ್ತಬೇಕಾಯಿತು. ಊರಲ್ಲಿ ಬೇರೆ ಕಡೆ ಟೈಪು ಮಾಡುವವರಿರಲಿಲ್ಲ.

"ಕಾಯಬೇಕು ಅಂದಿದ್ದೆಯಲ್ಲ ಕರಿಬಸವಯ್ಯ?"

"ಚೊಚ್ಚಲು ಒದೀತದೆ ಅತ್ತಿಗೆ, ಸುಳ್ಳಲ್ಲ. ಒದೆ ತಿಂದು ಪಳಗಿಸಿಕೊಂಡ್ರೆ ಮುಂದಿನ ಸೂಲೆಲ್ಲ ನಮ್ಮ ಕೊಟ್ಟಿಗೇಲೇ ಅಲ್ವಾ?"

ಇಷ್ಟು ವರ್ಷ ತಾವು ಕೊಂಡ ಹನ್ನೊಂದು ಹಸುವನ್ನೂ ಚೊಚ್ಚಲಲ್ಲಿ ಯಾರೋ ಒದೆ ತಿಂದು ಪಳಗಿಸಿದ್ದರೆಂಬುದು ಗಂಗಾಂಬಿಕಮ್ಮನಿಗೆ ಆಗ ಹೊಳೆಯಿತು.

ಅಷ್ಟರಲ್ಲಿ ಪರದೆ ಕಪ್ಪಾಯಿತು. ಅವರ ಮುಖ ಅರಳಿತು. "ನೋಡು, ಒದೀತು."

"ಕರೆಂಟ್ ಹೋಗಿದ್ದು ಅತ್ತೆ," ಎಂದಳು ದಾಕ್ಷಾಯಿಣಿ, ಬೆಂಚಿನಲ್ಲಿದ್ದ ಏಳು ಜನರ ಕೊನೆಯ ಜಾಗ ತೋರಿಸಿ. "ಅಲ್ಲಿ ಕೂತ್ಕೊಳ್ಳಿ. ಕಾಯೋದು ನಿಮಗೆ ಹೇಳಿಕೊಡ್ಬೇಕಾ?"