ಕರಟದಲ್ಲಿ ಹೋಗುತ್ತಿದ್ದ ಕೆಂಡ

ಗಂಡನನ್ನು ಸೋಲಿಸಿದ ಹೆಂಗಸು ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಾರದು ಎಂದು ಮದ್ದೂರಿನ ನನ್ನ ಅತ್ತಿಗೆ ಬುದ್ಧಿ ಹೇಳುತ್ತಾರೆ. ಹೇಳಿಕೊಳ್ಳದಿದ್ದರೆ ಗೆದ್ದು ಏನು ಸುಖ? ನಾನಂತೂ ಹೇಳುವವಳೇ. ಯುದ್ಧದ ಕಾಲ, ಮಳವಳ್ಳಿ ಪೇಟೆಯಲ್ಲಿ ಬೆಂಕಿಪೊಟ್ಟಣ ಕಣ್ಣಿಗೇ ಬೀಳುತ್ತಿರಲಿಲ್ಲ. ಆದರೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರಿಗೆ ಸಂಜೆ ಜಗಲಿಯ ಮೇಲೆ ಬೀಡಿ ಸೇದಲೇಬೇಕು, ಜೊತೆಗೆ ಹಲಗೂರಿನ ಕಡೆಯ ಪಟೇಲರೊಬ್ಬರು ಇರಲೇಬೇಕು. ಬೆಂಕಿ ಇದ್ದದ್ದು ನನ್ನ ಒಲೆಯಲ್ಲಿ. ಮಡಿಯಲ್ಲಿದ್ದ ನಾನು ಜಗಲಿಗೆ ಹೋಗುವಂತಿಲ್ಲ, ಕಚೇರಿಯ ಮೈಲಿಗೆಯಲ್ಲಿದ್ದ ಅವರು ಅಡಿಗೆಮನೆಗೆ ಕಾಲಿಡುವಂತಿಲ್ಲ. ನಡುವೆ ಓಡಾಡಲು ಐದು ವರ್ಷದ ನಮ್ಮ ಪುಟ್ಟಿ. ಅಷ್ಟು ಚಿಕ್ಕವಳಿಗೆ ಯಾವ ಮಡಿ? "ಪುಟ್ಟೀ, ಬೆಂಕಿ!" ಎಂದರೆ ಸಾಕು, ಕರಟದಲ್ಲಿ ಕೆಂಡ ಹಾಕಿಸಿಕೊಂಡು ಓಡುತ್ತಿದ್ದಳು. ಜಾಣೆ ಮಗು ಎಂದು ನಾನೂ ಹಿಗ್ಗುತ್ತಿದ್ದೆ.

ಒಂದು ಸಂಜೆ ಹಿಂದೆಯೇ ಹೋಗಿ ನೋಡುತ್ತೇನೆ, ನಡುಮನೆಯಲ್ಲಿ ನಿಂತು ಬಾಯಿಗೆ ಬೀಡಿ ಇಟ್ಟುಕೊಂಡು, ಕೆಂಡಕ್ಕೆ ತಾಗಿಸಿ, ಥೇಟ್ ಅಪ್ಪನ ಹಾಗೆ ಒಂದು ಕಣ್ಣು ಕಿರಿದು ಮಾಡಿ ಎಳೆಯುತ್ತಿದ್ದಾಳೆ! "ಏನೇ ಇದು?" ಎಂದೆ. "ಜಗಲಿಗೆ ಹೋಗೋದ್ರೊಳಗೆ ಕೆಂಡ ಆರಿಹೋಗತ್ತಮ್ಮ. ಅದಕ್ಕೇ ಅಪ್ಪ ಬೀಡಿನೂ ಕೊಟ್ಟು, ಹತ್ತಿಸ್ಕೊಂಡೇ ಬಾ ಅಂದ್ರು" ಎಂದಳು. ಹಾಳು ಹುಡುಗಿಗೆ ಒಂದು ಕೆಮ್ಮಾದರೂ ಬರಬಾರದೇ! ಯಜಮಾನರನ್ನು ಕೇಳಿದರೆ, "ಎಷ್ಟು ಚುರುಕು ನೋಡೇ ನನ್ನ ಮಗಳು!" ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

"ಇನ್ಮೇಲೆ ಮಗು ಕೈಗೆ ಕೆಂಡ ಕೊಡೋಲ್ಲ. ಬೇಕಾದವರು ತಣ್ಣೀರು ಸ್ನಾನ ಮಾಡಿ, ಮಡಿ ಉಟ್ಟು, ತಾವೇ ಬಂದು ತೊಗೊಳ್ಳಲಿ" ಎಂದು ಬಾಗಿಲ ಮರೆಯಿಂದಲೇ ಸಾರಿದೆ.

"ಇದೇನ್ ಅಮ್ಮಾವ್ರೇ, ಬೆಂಕಿಗೂ ರೇಸನ್ ಬಂತಾ?" ಎಂದರು ಪಟೇಲರು.

"ಮಗು ಬೀಡಿ ಎಳೀತಿತ್ತು, ಪಟೇಲರೇ."

"ಅಯ್ಯೋ ಸಿವನೇ! ಎಣ್ಕೂಸು ಬೀಡಿ ಸೇದಾದಾ? ಬುಡಿ ಸ್ವಾಮಿ, ಅಮ್ಮಾವ್ರು ಸರಿಯಾಗೇ ಏಳವ್ರೆ" ಎಂದು ತಮ್ಮ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದೇಬಿಟ್ಟರು.

ಯಜಮಾನರು ಮಾತ್ರ ಹಠ ಬಿಡಲಿಲ್ಲ. ಧನುರ್ಮಾಸದ ಚಳಿಯಲ್ಲಿ ಬಾವಿಯ ನೀರು ಸುರಿದುಕೊಂಡು, ಗಡಗಡ ನಡುಗುತ್ತ ಬಂದು ಕೆಂಡ ಒಯ್ದರು. ಎರಡನೆಯ ಬೀಡಿಗೆ ಬಂದಾಗ, "ಎಂಜಲಾಯ್ತಲ್ಲ, ಮತ್ತೆ ಸ್ನಾನ" ಎಂದೆ. ವಾರ ಕಳೆಯುವುದರೊಳಗೆ ಸೀನು ಉಳಿಯಿತು, ಬೀಡಿ ಹೋಯಿತು. ಗೆದ್ದೆ! ಆ ಸಂಜೆ ಪಾಯಸ ಮಾಡಿ ಪುಟ್ಟಿಗೆ ಎರಡು ಬಟ್ಟಲು ಬಡಿಸಿದೆ.

ಆದರೆ ಬೀಡಿಯಿಲ್ಲದ ಗಂಡಸು ಸಂಜೆ ಎಲ್ಲಿಗೆ ಹೋಗಬೇಕು? ಸ್ನಾನ ಹೇಗೂ ಅಭ್ಯಾಸವಾಗಿತ್ತು. ಮಡಿಯುಟ್ಟು ನನ್ನ ಒಲೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತರು. "ಸಾರಿಗೆ ಹುಳಿ ಮುಂದಾಯ್ತು." "ಒಗ್ಗರಣೆ ಸೀಯ್ತು ಕಣೇ." "ನಮ್ಮಮ್ಮ ಹೀಗೆ ಮಾಡ್ತಿರಲಿಲ್ಲ." ಒಂದು ದಿನ ತಾಳಲಾರದೆ ನಾನೇ ಕರಟಕ್ಕೆ ಕೆಂಡ ಹಾಕಿ, "ಪುಟ್ಟೀ, ಇದನ್ನ ಜಗಲಿ ಮೇಲಿಟ್ಟು ಬಾ, ನಿಮ್ಮಪ್ಪ ಹಿಂದೇನೇ ಬರ್ತಾರೆ" ಎಂದೆ.

ಪುಟ್ಟಿ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. "ಮಗು ಕೈಗೆ ಕೆಂಡ ಕೊಡಬಾರದು. ಅಮ್ಮ ಬೈತಾಳೆ."

ಕೆಂಡವನ್ನು ತೆಪ್ಪಗೆ ಒಲೆಗೇ ಹಾಕಿ, ಸಾರಿಗೆ ಇನ್ನಷ್ಟು ನೀರು ಬೆರೆಸಿದೆ.